ಮರುದಾಳದ ತೀರ್ಪು

ನನಗೆ ಇಂಗ್ಲಿಷ್ ಬರುತ್ತದೆ ಎಂದು ಒಪ್ಪಿಕೊಂಡದ್ದೇ ತಪ್ಪಾಯಿತು. ಸಿಂಧನೂರಿನ ಒಂದು ಟೇಲರ್ ಅಂಗಡಿಯಲ್ಲಿ ಪ್ರತಿ ಐತವಾರ ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಬೆರಳುದ್ದದ ಪ್ಲಾಸ್ಟಿಕ್ ಸೈನಿಕರನ್ನು ನಿಲ್ಲಿಸಿ, ಟೇಪಿನಿಂದ ದೂರ ಅಳೆದು, ದಾಳ ಎಸೆದು ಯುದ್ಧ ಮಾಡುವವರು ನಾವಿಬ್ಬರೇ: ಶಾಲೆ ಮಾಸ್ತರನಾದ ನಾನು, ಅಂಗಡಿಯ ಟೇಲರ್ ಚಾಚಾ. ಆಟದ ಪೆಟ್ಟಿಗೆ ನಾನು ಹೈದರಾಬಾದಿನಿಂದ ತಂದದ್ದು. ಸೈನಿಕರಿಗೆ ಒಂದೊಂದಾಗಿ ಬಣ್ಣ ಬಳಿದವರು ಚಾಚಾ. ಕಾಯಿದೆ ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿತ್ತು. ಹೀಗಾಗಿ ಎದುರಾಳಿಯೂ ನಾನೇ, ಪಂಚನೂ ನಾನೇ. "ಮಾಸ್ತರ್ರು ಹೇಳಿದ್ದೇ ಕಾಯಿದೆ" ಎಂದು ಚಾಚಾ ಮೊದಲ ದಿನವೇ ನನ್ನನ್ನು ಕಟ್ಟಿಹಾಕಿದರು.

ಪುಸ್ತಕದಲ್ಲೊಂದು ಮಾತಿತ್ತು: ಸೇನಾಪತಿ ಹತ್ತಿರವಿದ್ದರೆ ಇನ್ನೊಮ್ಮೆ ದಾಳ ಎಸೆಯಬಹುದು. ಆಗ ಮೊದಲು ಬಿದ್ದದ್ದು ಉಳಿಯುತ್ತದೋ ಹೋಗುತ್ತದೋ, ಅಲ್ಲಿ ಬರೆದಿರಲಿಲ್ಲ. ನಾನು ಅಜ್ಜಿಯ ಜೊತೆ ಚೌಕಾಬಾರ ಆಡಿ ಬೆಳೆದವನು. ಕವಡೆಯಲ್ಲಿ ನಾಲ್ಕೋ ಎಂಟೋ ಬಿದ್ದು ಇನ್ನೊಂದು ಸಲ ಹಾಕಲು ಸಿಕ್ಕರೆ ಮೊದಲಿನದು ಎಲ್ಲಿಗೂ ಹೋಗುವುದಿಲ್ಲ. "ಹಿಂದಿಂದು ಕೈಯಾಗ ಇರತೈತಿ ಚಾಚಾ, ಎರಡರಾಗ ಬೇಕಾದ್ದು ಇಟ್ಕೊಳ್ರಿ" ಎಂದು ಗತ್ತಿನಿಂದ ತೀರ್ಪು ಕೊಟ್ಟೆ.

ಎರಡು ವರ್ಷ ಸೋತೂ ಸೋತೂ, ದೀಪಾವಳಿ ರಜೆಯಲ್ಲಿ ಚಾಚಾ ಮೊದಲ ಸಲ ಗೆದ್ದರು. ಅವರಿಗೆ ನಾಲ್ಕು ಬಿದ್ದಿತ್ತು. ಆರರ ಆಸೆಗೆ ಇನ್ನೊಮ್ಮೆ ಎಸೆದರೆ ಒಂದು. ನಾಲ್ಕನ್ನೇ ಇಟ್ಟುಕೊಂಡು ನನ್ನ ಕೋಟೆ ಹಿಡಿದರು. ಆಮೇಲೆ ಜರಿಯ ತುಂಡಿನಿಂದ ಉಗುರಿನಷ್ಟು ಬಾವುಟ ಕತ್ತರಿಸಿ ತಮ್ಮ ಸೇನಾಪತಿಯ ಕೈಗೆ ದಾರದಲ್ಲಿ ಹೊಲಿದರು. ಕುಪ್ಪಸ ಹೊಲಿಸಲು ಬಂದವರಿಗೂ ತೋರಿಸಿದರು: "ಮಾಸ್ತರ್ನ ಸೋಲಿಸೀನಿ ನೋಡ್ರೆವ್ವ!"

ತಿಂಗಳಾದ ಮೇಲೆ ಜವಳಗೇರಾದ ಶಾಲೆಗೆ ಹೋಗುವ ಬಸ್ಸಿನಲ್ಲಿ ಸುಮ್ಮನೆ ಪುಸ್ತಕದ ಕೊನೆಯ ಪುಟ ತೆರೆದೆ. ಸಣ್ಣ ಅಕ್ಷರದಲ್ಲಿತ್ತು: ಎರಡನೆಯ ಸಲ ಬಿದ್ದದ್ದೇ ಲೆಕ್ಕ, ಕಡಿಮೆ ಬಿದ್ದರೂ ಅದೇ. ಅಯ್ಯೋ ನನ್ನ ಹಣೆಬರಹವೇ! ಹೇಳಿದರೆ ಚಾಚಾನ ಬಾವುಟ ಹೋಗುತ್ತದೆ, ಹೇಳದಿದ್ದರೆ ವಾರವಾರವೂ ಸುಳ್ಳು ಕಾಯಿದೆ. ಬಾಯಲ್ಲಿ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಲ್ಕು ತಿಂಗಳು ಹಾಗೇ ಕಳೆದೆ. ಹೊಟ್ಟೆನೋವೆಂದು ನೆಪ ಹೇಳಿ ಮಲಗಿದರೆ ಚಾಚಾ ಮನೆಗೇ ಬಂದು ಎಬ್ಬಿಸಿಕೊಂಡು ಹೋಗುತ್ತಿದ್ದರು.

ಹೋದ ವಾರ ಆಟದ ಕೊನೆಯ ದಾಳ ನನ್ನ ಕೈಗೆ ಬಂತು. ಮೂರಕ್ಕಿಂತ ಹೆಚ್ಚು ಬಿದ್ದರೆ ನನ್ನ ಕೋಟೆ ಉಳಿದು ನಾನು ಗೆದ್ದಂತೆ. ನಾಲ್ಕು ಬಿತ್ತು. ದಾಳ ಅಲ್ಲೇ ಬಿಟ್ಟೆ. ಚಾಚಾನೇ ದಾಳ ಎತ್ತಿ ಕೊಟ್ಟರು: "ನಿಮ್ಮ ಹಕ್ಕೈತಿ, ಇನ್ನೊಮ್ಮೆ ಒಗೀರಿ. ಆರು ಬಿದ್ರ ನನ್ನ ಸೇನಾಪತಿನೂ ಸಿಗ್ತಾನ. ಹೋಗೋದೇನೈತಿ?"

ಒಗೆಯದಿದ್ದರೆ ಯಾಕೆಂದು ಹೇಳಬೇಕಿತ್ತು. ಒಗೆದೆ. ಎರಡು.

"ಎರಡೇ ಇರ್ಲಿ ಚಾಚಾ. ನೀವೇ ಗೆದ್ರಿ."

ಅವರ ಮುಖ ಕೆಂಪಾಯಿತು. "ನಾಲ್ಕು ಬಿದ್ದೈತಲ್ರಿ! ನನಗ ಬಿಟ್ಟುಕೊಡಾಕತ್ತೀರೇನು? ನಾ ಏನು ಭಿಕ್ಷಾ ಬೇಡಾಕ ಕುಂತೀನೇನ್ರಿ?"

ಇನ್ನು ದಾರಿಯಿರಲಿಲ್ಲ. ಪುಸ್ತಕ ತೆರೆದು ಆ ಸಾಲು ಓದಿ, ಅರ್ಥ ಹೇಳಿದೆ.

"ಯಾವಾಗ ಗೊತ್ತಾತು?"

"ನಾಕು ತಿಂಗಳಾತು."

"ನಾಕು ತಿಂಗಳು!" ಎಂದವರು ಬ್ಲೇಡು ತೆಗೆದುಕೊಂಡು ಬಾವುಟದ ದಾರ ಕತ್ತರಿಸತೊಡಗಿದರು. "ಇರ್ಲಿ ಬಿಡ್ರಿ ಚಾಚಾ, ಇವತ್ತಾದ್ರೂ ಖರೇನ ನೀವೇ ಗೆದ್ದೀರಿ" ಎಂದು ಕೈಹಿಡಿದೆ.

"ಯಾವುದು ಗೆದ್ದೀನಿ, ಯಾವುದು ಸೋತೀನಿ, ಯಾರಿಗೆ ಗೊತ್ತು? ಪುಸ್ತಕ ಮೊದ್ಲಿಂದ ಕಡೀತನಕ ಓದ್ಕೊಂಡು ಬರ್ರಿ. ಅಲ್ಲೀತನಕ ಇದು ಯಾರದೂ ಅಲ್ಲ." ಬಾವುಟವನ್ನು ಗುಂಡಿಗಳ ಡಬ್ಬಿಯಲ್ಲಿ ಹಾಕಿ ಮುಚ್ಚಿದರು.

ಈ ವಾರವೆಲ್ಲ ಬಸ್ಸಿನಲ್ಲಿ ಅದೇ ಓದು. ಒಟ್ಟು ಎಂಬತ್ತು ಪುಟ. ಮೂವತ್ತೆಂಟನೆಯದರಲ್ಲಿ ನಾನು ತಪ್ಪು ಹೇಳಿದ್ದ ಇನ್ನೊಂದು ಕಾಯಿದೆ ಸಿಕ್ಕಿದೆ. ಚಾಚಾ ಸೋತ ಆ ಎರಡು ವರ್ಷ ನಾನು ಗೆದ್ದದ್ದು ಅದರಿಂದಲೇ. ನಾಳೆ ಐತವಾರ.