ಐವತ್ತು ಕೆಬಿಯೊಳಗೆ ಒಂದು ಮುಖ

ಈಚೆಗೆ ನನಗೆ ಸ್ವಲ್ಪ ಜಂಬ ಬಂದಿದೆ. ಅದನ್ನು ಮುಚ್ಚಿಟ್ಟುಕೊಳ್ಳುವ ವಯಸ್ಸು ದಾಟಿರುವುದರಿಂದ ನಿಮ್ಮೆದುರು ಹೇಳಿಯೇ ಬಿಡುತ್ತೇನೆ. ರಾಮಕೃಷ್ಣನಗರದ ನಮ್ಮ ಅಡ್ಡರಸ್ತೆಯಲ್ಲಿ ಯಾರಿಗೇ ಫೋಟೊ ಚಿಕ್ಕದು ಮಾಡಬೇಕಾದರೂ ಈಗ ನಮ್ಮ ಮನೆಯ ಗೇಟು ಕಿರ್ರೆನ್ನುತ್ತದೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಆಗ ಗಣಿತದವರು ನನ್ನ ಪೀರಿಯಡ್ಡನ್ನು ಕೇಳಿಕೊಂಡು ಬರುತ್ತಿದ್ದರೇ ಹೊರತು ನನ್ನನ್ನು ಕೇಳಿಕೊಂಡು ಬಂದವರು ಕಡಿಮೆ. ನಿವೃತ್ತಿಯಾದ ಮೇಲೆ ಬೇಡಿಕೆ ಬಂದಿದೆ, ಜಂಬಪಡದೆ ಏನು ಮಾಡಲಿ?

ಇದಕ್ಕೆಲ್ಲ ಕಾರಣ ಭಾಗ್ಯ. ಅಶೋಕಪುರಂನ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿ. ಹುಡುಗಿ ಎನ್ನುವುದು ನನ್ನ ಬಾಯಿಯ ಅಭ್ಯಾಸ, ಅವಳಿಗೀಗ ಎರಡು ಮಕ್ಕಳಿದ್ದಾರೆ. ಸರ್ಕಾರಿ ಶಾಲೆಯೊಂದರಲ್ಲಿ ಎಷ್ಟೋ ವರ್ಷದಿಂದ ಅತಿಥಿ ಶಿಕ್ಷಕಿಯಾಗಿ ಚಿತ್ರಕಲೆ ಹೇಳಿಕೊಡುತ್ತಾಳೆ. ಈ ಅತಿಥಿ ಎನ್ನುವ ಪದವನ್ನು ಕಂಡುಹಿಡಿದವರಿಗೆ ನಮಸ್ಕಾರ. ನಮ್ಮ ಮನೆಗೆ ಬಂದ ಅತಿಥಿಗಾದರೂ ಹೊತ್ತಿಗೆ ಸರಿಯಾಗಿ ಕಾಫಿ ಸಿಗುತ್ತದೆ. ಅಂತೂ ಕಾಯಂ ಹುದ್ದೆಗೆ ಅರ್ಜಿ ಕರೆದಿದ್ದರು. ಮುಂದಿನ ವರ್ಷಕ್ಕೆ ಅವಳ ವಯೋಮಿತಿ ಮುಗಿಯುತ್ತದೆ, ಇದೇ ಕೊನೆಯ ಅವಕಾಶ.

"ಹೋದ್ವರ್ಷ ಒಂದು ಅಂಗಡಿಲಿ ಫೋಟೋ ಹಾಕ್ಸಿದ್ದೆ ಸಾರ್. ಮುಖ ಸರಿಯಾಗಿ ಕಾಣಲ್ಲ ಅಂತ ಅರ್ಜಿನೇ ತಿರಸ್ಕಾರ ಮಾಡ್ಬುಟ್ರು. ಈ ಸಲ ನೀವೇ ನೋಡ್ಬೇಕು" ಎಂದು ಫೋನು ಮುಂದೆ ಹಿಡಿದಳು.

ನೋಡಿದೆ. ಅರ್ಜಿಯ ಚೌಕಟ್ಟಿಗೆ ಹೊಂದಿಸಲು ಅಂಗಡಿಯವನು ಫೋಟೊವನ್ನು ಎರಡೂ ಪಕ್ಕಕ್ಕೆ ಎಳೆದಿದ್ದ. ನಮ್ಮ ಭಾಗ್ಯಳ ಕೋಲುಮುಖ ಸಿಹಿಗುಂಬಳದ ಆಕಾರಕ್ಕೆ ಬಂದಿತ್ತು. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಶಿಲ್ಪಶಾಸ್ತ್ರದಲ್ಲಿ ಮುಖದ ಉದ್ದಕ್ಕೆ ತಾಳ ಎಂದು ಹೆಸರು. ಮೂರ್ತಿಯ ಮೈಯೆಲ್ಲವನ್ನೂ ಆ ತಾಳದಲ್ಲೇ ಅಳೆಯುತ್ತಾರೆ. ಒಂಬತ್ತು ತಾಳದ್ದು ಒಂದು ಲೆಕ್ಕ, ಹತ್ತು ತಾಳದ್ದು ಇನ್ನೊಂದು, ಗಣಪನಿಗೆ ಐದೇ ತಾಳ. ಅಳತೆಗೋಲಾದ ಮುಖವನ್ನೇ ಹೀಗೆ ರಬ್ಬರಿನಂತೆ ಎಳೆದರೆ ಉಳಿದದ್ದನ್ನು ಯಾವುದರಿಂದ ಅಳೆಯುವುದು? ಇದನ್ನೆಲ್ಲ ಭಾಗ್ಯಳಿಗೆ ಹೇಳುತ್ತಿದ್ದಾಗ ನನ್ನ ಹೆಂಡತಿ ಸುಶೀಲ ಒಳಗಿನಿಂದ, "ರೀ, ಅವಳಿಗೆ ಅರ್ಜಿ ಹಾಕೋಕೆ ಇನ್ನು ನಾಲ್ಕೇ ದಿನ ಇರೋದು. ಪಾಠ ಆಮೇಲೆ ಮಾಡಿ" ಎಂದಳು.

ಅರ್ಜಿಗೆ ಏರಿಸುವ ಫೋಟೊ, ಸಹಿ ಎರಡೂ ಐವತ್ತು ಕೆಬಿಯೊಳಗಿರಬೇಕು ಎಂದಿತ್ತು. ಫೋನಿನಲ್ಲಿ ತೆಗೆದ ಅವಳ ಒಳ್ಳೆಯ ಫೋಟೊ ಅದರ ನೂರುಪಟ್ಟು ತೂಗುತ್ತಿತ್ತು. ಚಿಕ್ಕದು ಮಾಡಬೇಕು ತಾನೆ, ಅದೇನು ಮಹಾ ಎಂದುಕೊಂಡು ನಾನು ಸರಸ್ವತಿಪುರಂನ ಪರಿಚಯದ ಸ್ಟುಡಿಯೋಗೆ ಹೋಗಿ ಅದನ್ನು ಸ್ಟಾಂಪ್ ಸೈಜಿನಲ್ಲಿ ಪ್ರಿಂಟು ಹಾಕಿಸಿದೆ. "ಇಷ್ಟು ಪುಟ್ಟದು ಯಾಕೆ ಮೇಷ್ಟ್ರೇ, ಲಾಕೆಟ್ಟಿಗಾ?" ಎಂದು ಅವರು ಕೇಳಿದಾಗ ಗಂಭೀರವಾಗಿ, "ಅಲ್ಲ, ಅರ್ಜಿಗೆ" ಎಂದೆ. ಮನೆಗೆ ಬಂದು ಆ ಪುಟ್ಟ ಚಿತ್ರವನ್ನು ಮೇಜಿನ ಮೇಲಿಟ್ಟು ನನ್ನ ಫೋನಿನಿಂದ ಅದರ ಫೋಟೊ ತೆಗೆದೆ. ಚಿಕ್ಕ ಚಿತ್ರದ ಫೋಟೊ ಚಿಕ್ಕದೇ ಆಗಿರಬೇಕಲ್ಲ! ತೂಕ ನೋಡಿದರೆ ಮೊದಲಿನದಕ್ಕಿಂತ ಜಾಸ್ತಿ. ಚಿತ್ರದ ಜೊತೆಗೆ ನಮ್ಮ ಮೇಜಿನ ಗೀರುಗಳೆಲ್ಲ ಸೇರಿಕೊಂಡಿದ್ದವು. ಈ ಪ್ರಸಂಗವನ್ನು ಸುಶೀಲ ಈಗಲೂ ನೆಂಟರ ಮನೆಗಳಲ್ಲಿ ಹೇಳುತ್ತಾಳೆ.

ಆಮೇಲೆ ತಂತ್ರಾಂಶದ ಬೇಟೆ ಶುರುವಾಯಿತು. ಹೆಣ್ಣು ನೋಡಲು ಹೊರಟವರಂತೆ ನಾನೂ ಮೊದಲು ದೊಡ್ಡ ಮನೆತನಕ್ಕೇ ಹೋದೆ. ಗೆಳೆಯರೊಬ್ಬರು ಹೇಳಿದ ಆ ತಂತ್ರಾಂಶವನ್ನು ತೆರೆದರೆ ಎಡಗಡೆ ಉದ್ದಕ್ಕೂ ಕುಂಚ, ಕತ್ತರಿ, ಬಣ್ಣದ ಬಕೆಟ್ಟು. ಡ್ರಾಯಿಂಗ್ ಮೇಷ್ಟ್ರ ಎದುರಿಗೆ ಬಣ್ಣದ ಬಕೆಟ್ಟು ಇಡಬಾರದು. ಒಂದಿಡೀ ಮಧ್ಯಾಹ್ನ ಭಾಗ್ಯಳ ಹಿಂದೆ ಚಾಮುಂಡಿಬೆಟ್ಟ ಬರೆದು, ಮೇಲೆ ಎರಡು ಮೋಡ ತೇಲಿಬಿಟ್ಟು, ಸಂಜೆ ನೋಡಿದರೆ ಕೆಬಿ ಮಾತ್ರ ಇನ್ನಷ್ಟು ಏರಿ ಕೂತಿತ್ತು. "ಒಂದು ಲೋಟ ಕಾಫಿ ಮಾಡೋದಕ್ಕೆ ಮದುವೆ ಮನೆ ಕೊಪ್ಪರಿಗೆ ಇಟ್ಟಂಗಾಯ್ತು ನಿಮ್ಮ ಕಥೆ" ಎಂದಳು ಸುಶೀಲ. ಅವಳ ಮಾತನ್ನು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ.

ಮರುದಿನ ಫೋನಿಗೆ ಒಂದು ಆ್ಯಪ್ ಹಾಕಿಕೊಂಡೆ. ಪುಕ್ಕಟೆ ಎಂದಿತ್ತು. ಒಂದು ಗುಂಡಿ ಒತ್ತಿದರೆ ರಮ್ಮಿ ಆಡಿ ಎನ್ನುತ್ತದೆ, ಇನ್ನೊಂದನ್ನು ಒತ್ತಿದರೆ ಕೂದಲು ಉದುರುತ್ತಿದೆಯೇ ಎಂದು ವಿಚಾರಿಸುತ್ತದೆ. ಉದುರಲು ಏನೂ ಉಳಿದಿಲ್ಲದವನು ಅದಕ್ಕೇನು ಉತ್ತರ ಕೊಡಬೇಕು? ಕೊನೆಗೂ ಫೋಟೊ ಚಿಕ್ಕದಾಯಿತು, ಆದರೆ ಭಾಗ್ಯಳ ಭುಜದ ಮೇಲೆ ಆ ಆ್ಯಪಿನ ಹೆಸರು ಹಚ್ಚೆಯಂತೆ ಕೂತಿತ್ತು. ಇನ್ನೊಂದು ಜಾಲತಾಣವಿತ್ತು. ಅದು ಕೆಲಸವನ್ನೇನೋ ಅಚ್ಚುಕಟ್ಟಾಗಿ ಮಾಡುತ್ತದಂತೆ, ಆದರೆ ಫೋಟೊವನ್ನೂ ಸಹಿಯನ್ನೂ ಮೊದಲು ಅವರಿಗೆ ಕಳಿಸಬೇಕು. ಹೆಣ್ಣುಮಗಳೊಬ್ಬಳು ನಂಬಿ ಕೊಟ್ಟ ಮುಖವನ್ನೂ ಸಹಿಯನ್ನೂ ಒಟ್ಟಿಗೆ ಗುರುತಿಲ್ಲದವರ ಮನೆಗೆ ಕೊಟ್ಟುಬರಲು ನನಗೆ ಮನಸ್ಸಾಗಲಿಲ್ಲ.

ಮೂರನೆಯ ದಿನ ಸಿಕ್ಕಿತು ನೋಡಿ, ನನ್ನ ಪುಟಾಣಿ ತಂತ್ರಾಂಶ. ಯಾರೋ ಪುಣ್ಯಾತ್ಮರು ತಮ್ಮ ಬಿಡುವಿನಲ್ಲಿ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟದ್ದು. ಅರವಟ್ಟಿಗೆ ಇಟ್ಟವರು ನೀರು ಕುಡಿಯುವವನ ಹೆಸರು ಕೇಳುವುದಿಲ್ಲ, ಇದೂ ಕೇಳಲಿಲ್ಲ. ನನ್ನ ಮುದಿ ಕಂಪ್ಯೂಟರಿನಲ್ಲೇ ಕೂತಿತು, ಇಂಟರ್ನೆಟ್ಟೂ ಬೇಡ. ಚಿತ್ರ ತೆರೆಯುವುದು, ಕತ್ತರಿಸುವುದು, ಕುಗ್ಗಿಸುವುದು, ಉಳಿಸುವುದು, ಇಷ್ಟೇ ಅದಕ್ಕೆ ಗೊತ್ತು. ಅಗಲ, ಎತ್ತರ ಬರೆಯಲು ಎರಡು ಖಾನೆ. ಅವುಗಳ ಪಕ್ಕದಲ್ಲಿ, ಅನುಪಾತ ಕಾಪಾಡಲೇ ಎಂದು ಕೇಳುವ ಒಂದು ಚಿಕ್ಕ ಗುರುತು. ಅದನ್ನು ಕಂಡು ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಮೂವತ್ತೊಂದು ವರ್ಷ ಕಪ್ಪುಹಲಗೆಯ ಮೇಲೆ ಚೌಕ ಎಳೆದು, ಒಂದೊಂದು ಚೌಕವನ್ನೂ ನೋಡಿ ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ, ಮೂಗು ಮಾತ್ರ ಅಲುಗಾಡಬಾರದು ಎಂದು ಗಂಟಲು ಹರಿದುಕೊಂಡವನು ನಾನು. ಫೋಟೊ ಎಂದರೂ ಲಕ್ಷಾಂತರ ಸಣ್ಣ ಚೌಕಗಳೇ. ಚೌಕದ ಎಣಿಕೆ ಇಳಿಸಿದರೆ ತೂಕ ಇಳಿಯುತ್ತದೆ, ಪ್ರಿಂಟಿನ ಉದ್ದಗಲಕ್ಕೂ ಅದಕ್ಕೂ ಸಂಬಂಧವಿಲ್ಲ. ನಾನು ಸ್ಟುಡಿಯೋಗೆ ಓಡಿಹೋದ ಹೊತ್ತಿನಲ್ಲಿ ನನ್ನ ವಿದ್ಯೆ ನನ್ನ ಜೊತೆಗೇ ಇತ್ತು, ನಾನೇ ಅದನ್ನು ಕೇಳಿರಲಿಲ್ಲ ಅಷ್ಟೆ.

ಭಾಗ್ಯಳನ್ನು ಕರೆಸಿದೆ. ಮೊದಲು ಚೌಕಟ್ಟಿನ ಅಳತೆಗೆ ಅಕ್ಕಪಕ್ಕ ಕತ್ತರಿಸಬೇಕು, ಆಮೇಲೆ ಕುಗ್ಗಿಸಬೇಕು ಎಂದು ತೋರಿಸಿ ಮೌಸನ್ನು ಅವಳ ಕೈಗೇ ಕೊಟ್ಟೆ. ಭುಜ ಎಷ್ಟು ಉಳಿಯಬೇಕು, ತಲೆಯ ಮೇಲೆ ಎಷ್ಟು ಜಾಗ ಬಿಡಬೇಕು ಎಂದು ಅವಳಿಗೆ ಹೇಳಿಕೊಡಬೇಕಾಗಲಿಲ್ಲ. ಐವತ್ತೆಂಟು ಕೆಬಿ ಬಂತು. ಅಗಲವನ್ನು ಇಷ್ಟೇ ಇಷ್ಟು ಇಳಿಸಿದಳು. ನಲವತ್ತೇಳು! ಸಹಿಯೂ ಅದೇ ದಾರಿ ಹಿಡಿಯಿತು. ಅರ್ಜಿಗೆ ಏರಿಸಿದಳು, ಪರದೆಯ ಮೇಲೆ ಹಸಿರು ಗುರುತು ಬಂತು. ಸುಶೀಲ ಸೀರೆಯ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಗ್ಗಿ ನೋಡಿ, "ಭಾಗ್ಯ ಥರಾನೇ ಇದಾಳೆ ಕಣ್ರೀ" ಎಂದಳು. ನನ್ನ ಹೆಂಡತಿ ನನ್ನ ಚಿತ್ರಗಳನ್ನು ನೋಡಿ ಇಂಥ ಮಾತು ಆಡಿದ್ದು ನನಗೆ ನೆನಪಿಲ್ಲ.

ಆ ಹುದ್ದೆಯ ಪರೀಕ್ಷೆಯ ದಿನ ಬೆಳಗಿನಿಂದ ನನಗೆ ತಿಂಡಿ ಸೇರಲಿಲ್ಲ. ನಲವತ್ತೇಳು ಕೆಬಿಯಲ್ಲಿ ಕಣ್ಣು ಮೂಗು ಮಸುಕಾಗಿದ್ದರೆ? ಹಾಲ್ ಟಿಕೆಟ್ಟಿನ ಕಪ್ಪು ಬಿಳುಪು ಪ್ರಿಂಟಿನಲ್ಲಿ ಅವಳೇ ಬೇರೆ ಯಾರೋ ಆಗಿಬಿಟ್ಟಿದ್ದರೆ? ಒಬ್ಬ ಹೆಂಗಸಿನ ಅಷ್ಟೂ ವರ್ಷಗಳ ಅತಿಥಿ ಬಾಳು ನನ್ನ ಒಂದು ಗುಂಡಿಯ ಮೇಲೆ ನಿಂತಿದೆಯಲ್ಲ ಎಂದು ನಿಜಕ್ಕೂ ಹೆದರಿದೆ. ಮಧ್ಯಾಹ್ನ ಅವಳ ಫೋನು ಬಂತು.

"ಗೇಟಲ್ಲಿ ಒಬ್ರು ಮೇಡಂ ಎಲ್ರುನೂ ನಿಲ್ಸಿ ನಿಲ್ಸಿ ನೋಡ್ತಿದ್ರು ಸಾರ್. ನನ್ನ ಮುಂದಿದ್ದೋಳ್ನ ಇದು ನೀನೇನಾ ಅಂತ ಎಷ್ಟೊತ್ತು ಕೇಳುದ್ರು ಗೊತ್ತಾ? ಆಮೇಲೆ ನನ್ನ ಸರದಿ. ಹಾಲ್ ಟಿಕೆಟ್ ನೋಡುದ್ರು, ನನ್ನ ಮುಖ ನೋಡುದ್ರು, 'ಹೋಗಮ್ಮ' ಅಂದ್ರು. ಅಷ್ಟೇ ಸಾರ್!"

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಹಾರ ಹಾಕಿ, ಮೂರು ಜನ ಭಾಷಣ ಮಾಡಿದ್ದರು. ನನ್ನ ಪರಿಚಯವೇ ಇಲ್ಲದ ಆ ಮೇಡಂ ಆಡಿದ ಒಂದು ಮಾತಿಗೆ ಅವೆಲ್ಲ ಸಮವಲ್ಲ. ಭಾಗ್ಯಳ ಪರೀಕ್ಷೆಯ ಫಲಿತಾಂಶ ಇನ್ನೂ ಬರಬೇಕು. ನಾನಂತೂ ಪಾಸಾದೆ.