ವಿಮಲೆಯ ಸೈಕಲ್ಲಿನ ಹಿಂದೆ, ಬಾತೂರ್ ಬೆಟ್ಟದಲ್ಲಿ

ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಸುರಿದು ಕೈಯಾಡಿಸುವಾಗ ಜರ್ರ್ ಎಂದು ಶುರುವಾಗಿ ಚಿಟಪಟಕ್ಕೆ ತಿರುಗುವ ಒಂದು ಶಬ್ದ ಇದೆಯಲ್ಲ, ಬಾತೂರ್ ಬೆಟ್ಟದ ಕರಿಮರಳಿನ ಮೇಲೆ ನನ್ನ ತಂಗಿ ವಿಮಲೆಯ ಸೈಕಲ್ ಹತ್ತುವಾಗ ಅದೇ ಶಬ್ದ ಬರುತ್ತಿತ್ತು. ಹಿಂದಿನ ಜೀಪಿನಲ್ಲಿ ಕಿಟಕಿ ಇಳಿಸಿಕೊಂಡು ಕೂತು ನಾನು ಅದನ್ನೇ ಕೇಳುತ್ತಿದ್ದೆ. ಸುತ್ತಲ ನೋಟವೆಲ್ಲ ಸಿಂಪ್ಲಿ ಮ್ಯಾಗ್ನಿಫಿಸೆಂಟ್ ಎಂದು ಜೊತೆಯವರು ಹೇಳುತ್ತಿದ್ದರು. ನನಗೆ ಆ ಶಬ್ದ ನಿಲ್ಲದೆ ಇದ್ದರೆ ಸಾಕಾಗಿತ್ತು.

ಬಾತೂರ್ ಇರುವುದು ಇಂಡೋನೇಷ್ಯಾದ ಬಾಲಿ ದ್ವೀಪದಲ್ಲಿ. ಆರಿದ ಬೆಟ್ಟವಲ್ಲ, ಬದುಕಿರುವ ಜ್ವಾಲಾಮುಖಿ. ಅದರ ಇಳಿಜಾರಿನಲ್ಲಿ ಗ್ರಾವೆಲ್ ಬೈಕ್, ಅಂದರೆ ಡಾಂಬರಿಲ್ಲದ ಕಲ್ಲುದಾರಿಗೆಂದೇ ಮಾಡಿದ ದಪ್ಪ ಟೈರಿನ ಸೈಕಲ್, ಓಡಿಸಬೇಕೆಂದು ವಿಮಲೆಗೆ ಅರವತ್ತಾರನೆಯ ವಯಸ್ಸಿನಲ್ಲಿ ಮನಸ್ಸಾಯಿತು. ಸೊರಬದ ಶಾಲೆಯಲ್ಲಿ ಡ್ರಿಲ್ ಟೀಚರಾಗಿ ರಿಟೈರಾದವಳು. ಅಂಥದ್ದೊಂದು ಸೈಕಲ್ ಕೊಂಡು ನಾಲ್ಕು ವರ್ಷದಿಂದ ಕ್ಯಾಸನೂರಿನ ಕಾಡಂಚಿನವರೆಗೂ ಹೋಗಿಬರುತ್ತಿದ್ದಳು. ಮಂಗನ ಕಾಯಿಲೆಯ ಕಾಲದಲ್ಲಿ ಅದನ್ನು ಹರಡುವ ಉಣ್ಣೆಹುಳ ಹತ್ತದ ಹಾಗೆ ಕಾಲಿಗೆ ಆಸ್ಪತ್ರೆಯವರು ಕೊಡುವ ಎಣ್ಣೆ ಸವರಿಕೊಂಡಾದರೂ ಹೋಗುತ್ತಿದ್ದಳೇ ಹೊರತು ಮನೆಯಲ್ಲಿ ಕೂರುತ್ತಿರಲಿಲ್ಲ.

ನಾನು ಶಿಕಾರಿಪುರದವಳು, ಅವಳಿಗಿಂತ ಆರು ವರ್ಷಕ್ಕೆ ದೊಡ್ಡವಳು. ನಮ್ಮಪ್ಪನ ಕಾಳಿನ ಅಂಗಡಿಯ ಗಳಿಕೆಯಲ್ಲಿ ಒಬ್ಬಳನ್ನು ಮಾತ್ರ ಶಿವಮೊಗ್ಗದ ಕಾನ್ವೆಂಟಿಗೆ ಕಳಿಸಲು ಸಾಧ್ಯವಿತ್ತು. ಹಾಸ್ಟೆಲ್ಲು, ಪಿಯಾನೋ, ಸಿಸ್ಟರ್‌ಗಳ ಕೈಕೆಳಗೆ ತಿದ್ದಿದ ಹ್ಯಾಂಡ್‌ರೈಟಿಂಗು ನನ್ನ ಪಾಲಿಗೆ ಬಂತು. ಅವಳಿಗೆ ಸರ್ಕಾರಿ ಶಾಲೆ. ಅಂದಿನಿಂದ ನಮ್ಮ ಮನೆತನದಲ್ಲಿ ಇಂಗ್ಲಿಷಿನಲ್ಲಿರುವ ಕಾಗದ ಯಾವುದೇ ಬರಲಿ, ಬ್ಯಾಂಕಿನದು, ಪಾಸ್‌ಪೋರ್ಟಿನದು, ಆಸ್ಪತ್ರೆಯದು, ತುಂಬುವವಳು ನಾನು. ಸಹಿ ಮಾಡುವವರು ಓದುವುದೂ ಇಲ್ಲ. ಹೆಬ್ಬೆರಳು ಒತ್ತುವಷ್ಟೇ ನಂಬಿಕೆಯಿಂದ ಸಹಿ ಹಾಕುತ್ತಾರೆ.

ಹೊರಡುವುದಕ್ಕೆ ಎರಡು ತಿಂಗಳ ಮುಂಚೆ ಬಳ್ಳಿಗಾವಿಯ ಹತ್ತಿರ ವಿಮಲೆ ಸೈಕಲ್ ಮೇಲಿಂದ ಬಿದ್ದಿದ್ದಳು. ಕಲ್ಲು ತಾಗಿ ಬಿದ್ದದ್ದಲ್ಲ, ಕಣ್ಣು ಕತ್ತಲಿಟ್ಟು ಬಿದ್ದದ್ದು. ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದವರು ನೀರು ಚಿಮುಕಿಸಿ ಎಬ್ಬಿಸಿದರಂತೆ. ಶಿವಮೊಗ್ಗದ ಡಾಕ್ಟರು ಎದೆಯ ಬಡಿತ ನಡುನಡುವೆ ತಪ್ಪುತ್ತಿದೆ, ಒಂದು ದಿನ ಮೆಷಿನ್ ಕಟ್ಟಿಕೊಂಡು ಪರೀಕ್ಷೆ ಮಾಡಿಸಬೇಕು, ಅಲ್ಲಿಯವರೆಗೆ ಸೈಕಲ್ ಬೇಡ ಎಂದರು. ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೆ. ಬಂದ್ಮೇಲೆ ಮಾಡಿಸ್ತೀನಿ, ಈಗ ಬಾಯಿ ಮುಚ್ಕೊಂಡಿರು ಮಾರಾಯ್ತಿ ಎಂದಳು. ಒಬ್ಬಳನ್ನೇ ಕಳಿಸುವ ಧೈರ್ಯ ನನಗಾಗಲಿಲ್ಲ, ನಾನೂ ಟಿಕೆಟ್ ತೆಗೆದೆ.

ಶಿಕಾರಿಪುರದಿಂದ ಬೆಳಗಿನ ಬಸ್ಸು ಹಿಡಿದು ಶಿವಮೊಗ್ಗ, ಅಲ್ಲಿಂದ ರೈಲಿನಲ್ಲಿ ಬೆಂಗಳೂರು. ಸೈಕಲ್ಲು ಬಾಲಿಯಲ್ಲೇ ಬಾಡಿಗೆಗೆ ಸಿಗುತ್ತದೆ ಎಂದಿದ್ದರೂ ವಿಮಲೆ ತನ್ನ ಸೀಟನ್ನು ಮಾತ್ರ ಬಿಚ್ಚಿ ಸೀರೆಯಲ್ಲಿ ಸುತ್ತಿ ತಂದಿದ್ದಳು. ಏರ್‌ಪೋರ್ಟಿನ ತಪಾಸಣೆಯ ಹುಡುಗಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಾಲ್ಕು ವರ್ಷ ಕೂತು ಹದ ಮಾಡಿದ್ದೀನಮ್ಮ, ಬೇರೆಯವರ ಸೀಟು ನಂಗೆ ಒಗ್ಗಲ್ಲ ಎಂದು ಇವಳು ವಿವರಿಸಿದ ಮೇಲೆ ನಗುತ್ತಾ ಬಿಟ್ಟಳು. ವಿಮಾನದಲ್ಲಿ ಏಳು ಗಂಟೆ. ಇಳಿದ ಕೂಡಲೇ ವೀಸಾಕ್ಕೆ ಐದು ಲಕ್ಷ ಎಂದರು, ನಾನು ಎರಡು ಸಲ ಕೇಳಿದೆ. ಅವರ ದುಡ್ಡಿನ ಲೆಕ್ಕ ಹಾಗೆ. ನಮ್ಮಲ್ಲಿ ಎರಡೂವರೆ ಸಾವಿರಕ್ಕೆ ಸ್ವಲ್ಪ ಮೇಲೆ.

ಅಲ್ಲಿಂದ ಕಾರಿನಲ್ಲಿ ಎರಡೂವರೆ ಗಂಟೆ ಏರಿ ಕಿಂತಾಮಣಿ ಎಂಬ ಊರು ತಲುಪಿದೆವು. ಹೆಸರು ಕೇಳಿ ವಿಮಲೆ, ಕೋಲಾರದ ಕಡೆ ಬಂದಂಗಾಯ್ತಲ್ಲೆ ಎಂದಳು. ಚಳಿ ಇತ್ತು. ರಸ್ತೆಯ ಪಕ್ಕದ ಕಟ್ಟೆಯಿಂದ ಬಗ್ಗಿ ನೋಡಿದರೆ ಕೆಳಗೆ ಒಂದು ದೊಡ್ಡ ಬಾಣಲೆಯಂಥ ತಗ್ಗು, ಒಂದು ಮಗ್ಗುಲಲ್ಲಿ ಕೆರೆ, ನಡುವೆ ಬೆಟ್ಟ. ಬೆಟ್ಟದ ಪಕ್ಕೆಯಲ್ಲಿ ಹಿಂದೆಂದೋ ಹರಿದು ಹೆಪ್ಪುಗಟ್ಟಿದ ಲಾವಾ, ಹೊಸದಾಗಿ ಡಾಂಬರು ಸುರಿದ ಹಾಗೆ ಕಪ್ಪಗೆ. ಅದರ ಬುಡದಲ್ಲೇ ಮನೆಗಳು, ಈರುಳ್ಳಿಯ ಮಡಿಗಳು. ಇಷ್ಟು ಹತ್ತಿರ ಜನ ಹೇಗೆ ಮಲಗುತ್ತಾರೆ ಎಂದು ನಾನು ಕೇಳಿದ್ದಕ್ಕೆ ನಮ್ಮ ಗೈಡು ಕೆತುತ್, ಮಣ್ಣು ಚೆನ್ನಾಗಿದೆ ಮೇಡಂ ಎಂದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಕೆತುತ್ ಎಂದರೆ ನಾಲ್ಕನೆಯ ಮಗು ಎಂದು ಅವನೇ ಹೇಳಿದ.

ಕೆಳಗಿನ ಲಾಡ್ಜಿನಲ್ಲಿ ಬೆಂಗಳೂರಿನಿಂದ ಬಂದ ನಾಲ್ವರು ಸವಾರರು ಸೇರಿಕೊಂಡರು, ಎಲ್ಲರೂ ವಿಮಲೆಯ ಅರ್ಧ ವಯಸ್ಸಿನವರು. ಸಂಜೆ ಅನ್ನ, ಹುರಿದ ಸೋಯಾ ತುಂಡು, ಸೊಪ್ಪು ತಿನ್ನುತ್ತಿದ್ದಾಗ ಕೆತುತ್ ಮೆಡಿಕಲ್ ಡಿಕ್ಲರೇಷನ್ ಎಂಬ ಹಾಳೆ ಹಂಚಿದ. ವಿಮಲೆ ತನ್ನದನ್ನು ಅಭ್ಯಾಸದಂತೆ ನನ್ನ ತಟ್ಟೆಯ ಪಕ್ಕಕ್ಕೆ ಸರಿಸಿ ಪಕ್ಕದವರ ಜೊತೆ ಸೈಕಲ್ಲಿನ ಗೇರಿನ ಮಾತಿಗಿಳಿದಳು. ಆರನೆಯ ಪ್ರಶ್ನೆ, ಕಳೆದ ಆರು ತಿಂಗಳಲ್ಲಿ ಪ್ರಜ್ಞೆ ತಪ್ಪಿದ್ದುಂಟೆ. ನಾನು ಪೆನ್ನೆತ್ತಿ ಅವಳನ್ನು ನೋಡಿದೆ. ಅವಳು ಮಾತು ನಿಲ್ಲಿಸಲಿಲ್ಲ, ಮೇಜಿನ ಕೆಳಗೆ ನನ್ನ ಮೊಣಕಾಲನ್ನು ಒಮ್ಮೆ ಒತ್ತಿದಳು. ನಾನು ನೋ ಎಂದು ಬರೆದೆ. ಅವಳು ಸಹಿ ಹಾಕಿದಳು.

ಮರುದಿನ ಕೆರೆಯ ಸುತ್ತ ಹದಿನಾಲ್ಕು ಕಿಲೋಮೀಟರ್, ಸಮತಟ್ಟು ದಾರಿ. ಹೊರಡುವ ಮುಂಚೆ ವಿಮಲೆ ಚೀಲದಿಂದ ಉಣ್ಣೆಯ ಎಣ್ಣೆ ತೆಗೆದು ಮೊಣಕಾಲುದ್ದ ಸವರಿಕೊಂಡಳು. ಏಕೆಂದು ನಾನು ವಿವರಿಸಿದ ಮೇಲೆ, ಇಲ್ಲಿ ಅಂಥ ಕಾಯಿಲೆ ಇಲ್ಲ ಎಂದು ಕೆತುತ್ ನಕ್ಕ. ಅಭ್ಯಾಸ ಕಣಪ್ಪ ಎಂದು ಅವನಿಗೆ ಕನ್ನಡದಲ್ಲೇ ಹೇಳಿದಳು. ಅವನ ಜೀಪಿನ ಬಾನೆಟ್ಟಿನ ಮೇಲೆ ಎಲೆಯ ಪುಟ್ಟ ದೊನ್ನೆಯಲ್ಲಿ ಹೂವು, ಒಂದಿಷ್ಟು ಅನ್ನ, ಊದುಬತ್ತಿ. ಅದರಿಂದ ಒಂದು ಹೂವು ತೆಗೆದು ಅವಳ ಹ್ಯಾಂಡಲ್ಲಿಗೆ ಸಿಕ್ಕಿಸಿದ. ಅವಳು ಚೆನ್ನಾಗಿಯೇ ಓಡಿಸಿದಳು. ಬೆಂಗಳೂರಿನವರು ಆಂಟಿ ಎನ್ನುತ್ತಿದ್ದವರು ಮಧ್ಯಾಹ್ನದ ಹೊತ್ತಿಗೆ ಮಿಸ್ ಎನ್ನತೊಡಗಿದ್ದರು. ನಾನು ಮಾತ್ರ ಹದಿನಾಲ್ಕು ಕಿಲೋಮೀಟರೂ ಜೀಪಿನ ಮುಂದಿನ ಹಿಡಿಯನ್ನು ಬಿಡಲಿಲ್ಲ. ಇಳಿದಾಗ ಬೆರಳು ಮಡಚಿಯೇ ಇದ್ದವು.

ಮೂರನೆಯ ದಿನ ಬೆಟ್ಟ. ಬೆಳಗಿನ ಕಾಫಿಯ ಹೊತ್ತಿಗೆ ಮೇಜಿನ ಮೇಲಿನ ಚಮಚಗಳು ತಾವಾಗಿಯೇ ಸಣ್ಣಗೆ ಗಿಲಿಗಿಲಿ ಎಂದವು. ಯಾರೋ ಪಕ್ಕದಲ್ಲಿ ಭಾರದ ಲಾರಿ ನಿಲ್ಲಿಸಿದ ಹಾಗೆ ಕಾಲಡಿಯಲ್ಲಿ ಒಂದು ನಡುಕ, ನಾಲ್ಕೈದು ಸೆಕೆಂಡು. ಕೆತುತ್ ಫೋನ್ ನೋಡಿ, ಸಣ್ಣದು, ದಾರಿ ತೆರೆದಿದೆ ಎಂದ. ಎಲ್ಲರೂ ಹೆಲ್ಮೆಟ್ ಹಾಕಿಕೊಂಡರು. ನಾನು ಬೆಟ್ಟಕ್ಕೆ ಹೆದರಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಅದರ ನೆನಪೂ ಆಗಲಿಲ್ಲ. ಕೆತುತ್‌ನ ಎದೆಯ ಮೇಲಿನ ಪ್ಲಾಸ್ಟಿಕ್ ಚೀಲದಲ್ಲಿದ್ದ ಐದು ಹಾಳೆಗಳಲ್ಲಿ ಮೂರನೆಯದರ ಅಂಚು ಕಾಣುತ್ತಿತ್ತು, ಅದರಲ್ಲಿ ನನ್ನ ಅಕ್ಷರ.

ಏರು ಐದು ಕಿಲೋಮೀಟರ್. ಕೆತುತ್ ಸೈಕಲ್ಲಿನಲ್ಲಿ ಎಲ್ಲರ ಮುಂದೆ, ಜೀಪಿಗೆ ಬೇರೆ ಡ್ರೈವರು. ಮರಳು, ಜಲ್ಲಿ, ಮತ್ತೆ ಮರಳು. ಅಲ್ಲಲ್ಲಿ ಬಂಡೆಯ ಬಿರುಕಿನಿಂದ ಆವಿ ಏಳುತ್ತಿತ್ತು. ವಿಮಲೆ ಎಲ್ಲರಿಗಿಂತ ಹಿಂದೆ, ಆದರೆ ನಿಲ್ಲದೆ ತುಳಿದಳು. ಮೂರನೆಯ ತಿರುವಿನಲ್ಲಿ ಶಬ್ದ ನಿಂತಿತು. ನೋಡಿದರೆ ಕಾಲೂರಿ ನಿಂತಿದ್ದಾಳೆ, ಒಂದು ಕೈ ಎದೆಯ ಮೇಲೆ. ಬೆಂಗಳೂರಿನ ಹುಡುಗಿಯೊಬ್ಬಳು ಫೋಟೋ ತೆಗೆಯುತ್ತಿದ್ದಾಳೆ ಎಂದು ಗೊತ್ತಾಗಿ ಆ ಕೈಯನ್ನೇ ಎತ್ತಿ ಬೀಸಿದಳು. ನಕ್ಕಳು ಕೂಡ. ತುಟಿ ನೇರಳೆ ಹಣ್ಣು ತಿಂದವರ ತುಟಿಯ ಬಣ್ಣದ್ದಾಗಿತ್ತು. ಮತ್ತೆ ಜರ್ರ್ ಎಂದು ಶುರುವಾಯಿತು. ನಾನು ಡ್ರೈವರಿನ ಭುಜ ಹಿಡಿದುಕೊಂಡಿದ್ದೆ ಎಂದು ಅವನು ಮೆಲ್ಲಗೆ ನನ್ನ ಕೈ ಬಿಡಿಸಿದಾಗಲೇ ತಿಳಿದದ್ದು.

ಏರು ಮುಗಿದಲ್ಲಿ ಒಂದು ಸಮತಟ್ಟು ಜಾಗ. ಅಲ್ಲಿಂದ ನಾಲ್ಕು ಕಿಲೋಮೀಟರ್ ಇಳಿಜಾರು, ಎರಡೂ ಬದಿಗೆ ಲಾವಾ. ಈ ಪ್ರವಾಸಕ್ಕೆ ಎಲ್ಲರೂ ಬಂದದ್ದೇ ಆ ನಾಲ್ಕು ಕಿಲೋಮೀಟರಿಗಾಗಿ. ಕೆತುತ್ ಎಲ್ಲರನ್ನೂ ನಿಲ್ಲಿಸಿ ಹೇಳಿದ. ಈ ಕಲ್ಲು ಬ್ಲೇಡಿನ ಹಾಗೆ. ಜಾರಿದರೆ ಚರ್ಮ ಹೋಗುತ್ತದೆ, ಅದಕ್ಕೆ ನನ್ನ ಹತ್ತಿರ ಔಷಧಿ ಇದೆ. ತಲೆ ಸುತ್ತಿ ಬಿದ್ದರೆ ನನ್ನ ಹತ್ತಿರ ಏನೂ ಇಲ್ಲ.

ವಿಮಲೆ ಬ್ರೇಕು ಒತ್ತಿ ಒತ್ತಿ ಪರೀಕ್ಷಿಸುತ್ತಿದ್ದಳು. ನಾನು ಜೀಪಿನಿಂದ ಇಳಿದು ಕೆತುತ್‌ನನ್ನು ಹಿಂದಕ್ಕೆ ಕರೆದೆ. ಕಾನ್ವೆಂಟಿನಲ್ಲಿ ಡಿಬೇಟ್ ಗೆದ್ದ ನನ್ನ ಇಂಗ್ಲಿಷೆಲ್ಲ ಉಪಯೋಗಕ್ಕೆ ಬರಲಿಲ್ಲ. ಕೊನೆಗೆ ಅಂದದ್ದು ಇಷ್ಟೆ: "ಮೂರನೆಯ ಫಾರ್ಮಿನಲ್ಲಿ ಒಂದು ಉತ್ತರ ತಪ್ಪಾಗಿದೆ. ಬರೆದವಳು ನಾನು."

ಅವನು ಬೈಯಲಿಲ್ಲ. ಹಾಳೆ ತೆಗೆದು ಬಾನೆಟ್ಟಿನ ಮೇಲಿಟ್ಟು ಪೆನ್ನು ಕೊಟ್ಟ. ನಾನು ನೋ ಎಂಬುದನ್ನು ಹೊಡೆದು ಯೆಸ್ ಎಂದು ಬರೆದೆ. ಗಾಳಿಗೆ ಹಾಳೆ ಹಾರದ ಹಾಗೆ ಅವನೇ ಹಿಡಿದುಕೊಂಡಿದ್ದ. ತಲೆ ಎತ್ತಿದರೆ ಹತ್ತು ಮಾರು ದೂರದಿಂದ ವಿಮಲೆ ನನ್ನನ್ನೇ ನೋಡುತ್ತಿದ್ದಳು. ಇಂಗ್ಲಿಷ್ ಓದಲು ಬಾರದಿದ್ದರೂ ನಾನು ಏನು ಬರೆಯುತ್ತಿದ್ದೇನೆಂದು ತಿಳಿಯಲು ಅವಳಿಗೆ ಅಷ್ಟೇ ಸಾಕಾಗಿತ್ತು.

ಸೈಕಲ್ ಹಿಡಿದುಕೊಂಡು ನಡೆದು ಬಂದಳು. ದನಿ ಏರಿಸಲಿಲ್ಲ.

"ನನ್ ಕಾಲು, ನನ್ ಎದೆ, ನನ್ ಸೈಕಲ್ಲು. ಇದ್ರಲ್ಲಿ ನಿಂದೇನಿತ್ತೆ ಅಕ್ಕ? ಅಕ್ಷರ ಅಷ್ಟೇ."

"ನೀ ಬೀಳೋದನ್ನ ನಾ ನೋಡಕ್ಕಾಗಲ್ಲ ವಿಮಲಿ."

"ಕಣ್ ಮುಚ್ಕೋಬೇಕಿತ್ತು."

ಕೆತುತ್ ಅವಳ ಸೈಕಲ್ಲನ್ನು ಜೀಪಿನ ಹಿಂದೆ ಕಟ್ಟಿದ. ಅವಳು ಡ್ರೈವರಿನ ಪಕ್ಕ ಕೂತಳು, ನಾನು ಹಿಂದೆ. ಮುಂದೆ ಆ ನಾಲ್ವರು ಧೂಳೆಬ್ಬಿಸಿಕೊಂಡು ಇಳಿಯುತ್ತಿದ್ದರು. ಪ್ರತಿ ತಿರುವಿಗೂ ವಿಮಲೆಯ ಬೆರಳುಗಳು ಮಡಿಲಲ್ಲೇ ಮಡಚಿಕೊಳ್ಳುತ್ತಿದ್ದವು, ಇಲ್ಲದ ಬ್ರೇಕು ಹಿಡಿಯುತ್ತಿದ್ದವು. ನಾಲ್ಕು ಕಿಲೋಮೀಟರೂ ಹಾಗೆಯೇ ಇಳಿದಳು. ಕೆಳಗೆ ಬಂದಾಗ ಆ ನಾಲ್ವರಲ್ಲಿ ಒಬ್ಬನ ಮೊಣಕೈ ತರಚಿ ರಕ್ತ ಬಂದಿತ್ತು, ಮುಖದಲ್ಲಿ ಮಾತ್ರ ಹಬ್ಬ. ವಿಮಲೆ ಅವನ ಬೆನ್ನು ತಟ್ಟಿ, ತೊಳೆದು ಪಟ್ಟಿ ಕಟ್ಟಿದಳು. ಆಮೇಲೆ ಬಾಡಿಗೆ ಸೈಕಲ್ಲಿನಿಂದ ತನ್ನ ಸೀಟು ಬಿಚ್ಚಿ ಸೀರೆಯಲ್ಲಿ ಸುತ್ತಿದಳು.

ಹಿಂದಿರುಗುವ ಎರಡು ದಿನವೂ ಅವಳು ನನ್ನ ಜೊತೆ ಮಾತು ಬಿಡಲಿಲ್ಲ, ಬಿಟ್ಟಿದ್ದರೆ ವಾಸಿಯಿತ್ತು. ನೀರು ಬೇಕಾ, ಮಾತ್ರೆ ತಗೊಂಡ್ಯಾ, ಪಾಸ್‌ಪೋರ್ಟ್ ಎಲ್ಲಿಟ್ಟೆ, ಇಷ್ಟೇ. ಕಿಂತಾಮಣಿಯ ಕಿತ್ತಳೆ ಸುಲಿದು ಅರ್ಧ ನನಗೆ ಕೊಟ್ಟಳು. ವಿಮಾನದಲ್ಲಿ ಇಳಿಯುವವರು ತುಂಬುವ ಚೀಟಿಯೊಂದು ಅವಳ ಕೈಗೆ ಬಂತು. ನನ್ನ ಕಡೆ ಸರಿಸಲಿಲ್ಲ. ಪಕ್ಕದ ಸೀಟಿನ ಅಪರಿಚಿತನಿಗೆ ಕೊಟ್ಟು, ಸ್ವಲ್ಪ ಬರೆದ್ಕೊಡ್ತೀರೇನ್ರೀ ಎಂದಳು. ಐ ಆಮ್ ಸಾರಿ ಎಂದು ಎಷ್ಟೋ ಸಲ ಬಾಯಿಯವರೆಗೆ ಬಂತು. ಕನ್ನಡದಲ್ಲಿ ಅದನ್ನು ತಂಗಿಗೆ ಹೇಗೆ ಹೇಳಬೇಕೋ ನಾನು ಕಲಿತೇ ಇಲ್ಲ.

ಊರಿಗೆ ಬಂದ ಮೇಲೆ ಆ ಎದೆಯ ಪರೀಕ್ಷೆಗೆ ಅವಳು ದಿನ ಗೊತ್ತು ಮಾಡಿಕೊಂಡಿದ್ದಳಂತೆ, ಒಬ್ಬಳೇ ಹೋಗಿ. ಆ ದಿನಕ್ಕೆ ಇನ್ನೂ ಐದು ದಿನವಿದ್ದಾಗ, ಸೊರಬದ ಮನೆಯ ಹಿತ್ತಿಲಲ್ಲಿ ಬೆಳಿಗ್ಗೆ ಬಟ್ಟೆ ಒಣಹಾಕುತ್ತಾ ಕುಸಿದಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಚ್ಚಿದ ಮುಖ ನೋಡಿದ್ದನ್ನು ನಾನು ನೋಡಿದ್ದು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವಳನ್ನು ಕೊನೆಯದಾಗಿ ನೋಡಿದ್ದು ಪ್ರವಾಸ ಮುಗಿದ ದಿನ, ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ. ನಾನು ಅಲ್ಲೇ ಇಳಿದೆ, ಅವಳು ಸೊರಬದ ಬಸ್ಸಿಗೆ ಬದಲಾಯಿಸಿದಳು. ಮಧ್ಯಾಹ್ನದ ಬಿಸಿಲು. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಕೆಳಗೆ ನಿಂತ ನನಗೆ, ನೆರಳಿಗೆ ಹೋಗು, ಬಿಸ್ಲಲ್ಲಿ ಯಾಕೆ ನಿಂತಿದ್ದೀ ಎಂದಳು. ನಾನು ಹೋಗಲಿಲ್ಲ. ಬಸ್ಸು ಹೊರಟು ಗೇಟು ದಾಟುವಾಗ ಕಿಟಕಿಯಿಂದ ಅವಳ ಕೈ ಹೊರಗೆ ಬಂತು, ಅಂಗೈ ಅಗಲಿಸಿಕೊಂಡು. ನನಗೆ ಬೀಸಿದ್ದೋ, ಸುಮ್ಮನೆ ಗಾಳಿಗೆ ಒಡ್ಡಿದ್ದೋ ಗೊತ್ತಾಗಲಿಲ್ಲ. ಕಂಡಕ್ಟರು ಏನೋ ಅಂದಿರಬೇಕು, ಕೈ ಒಳಗೆ ಹೋಯಿತು.