ನಾನು ಬೇಡಿದ್ದು ನನ್ನ ಹೆಸರು

ಹೋದ ವರ್ಷ ಶ್ರಾವಣದ ಎರಡನೆಯ ಶನಿವಾರ, ವಾಡಿಯ ನಮ್ಮ ಓಣಿಯ ಪ್ರಾಣದೇವರ ಗುಡಿಯಲ್ಲಿ ನಮ್ಮ ಮನೆಯವರು ತೀರ್ಥ ಕೊಡುತ್ತಿದ್ದಾಗ ಉದ್ಧರಣೆ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವರು ಹಾಗೆಯೇ ಫರ್ಸಿ ಕಲ್ಲಿನ ನೆಲದ ಮೇಲೆ ಕುಸಿದರು. ಬಾಯಿ ಒಂದು ಕಡೆಗೆ ಎಳೆದಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ, ಮೆದುಳಿನ ಎಡಭಾಗಕ್ಕೆ ರಕ್ತ ಹೋಗುವುದು ನಿಂತು ಲಕ್ವ ಹೊಡೆದಿದೆ ಎಂದರು. ಹನ್ನೊಂದು ದಿನಕ್ಕೆ ಮನೆಗೆ ಬಂದೆವು. ಬಲಗಾಲು ಎಳೆಯುತ್ತ ನಡೆಯುವಷ್ಟಾದರು, ಬಲಗೈಯೂ ಸ್ವಲ್ಪ ಎತ್ತುವಂತಾಯಿತು. ಮಾತು ಮಾತ್ರ ಬರಲಿಲ್ಲ.

ಅವರಿಗೆ ಆಗ ಐವತ್ತೊಂದು. ಶಹಾಬಾದಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರು. ಗುಡಿಯ ಸೇವೆ ಮನೆತನದಿಂದ ಬಂದದ್ದು. ನಾನು ಇಂದಿರಾ, ಅವರ ಹೆಂಡತಿ. ನನ್ನ ಬಾಯಿ ಜೋರು ಎಂದು ಇಡೀ ಓಣಿಗೆ ಗೊತ್ತು. ಅವರು ಒಂದು ಮಾತಾಡಿದರೆ ನಾನು ಹತ್ತು ಆಡುವವಳು. ಆದರೂ ಆ ಒಂದು ಮಾತಿಲ್ಲದೆ ನನ್ನ ಹತ್ತಕ್ಕೂ ಬೆಲೆ ಇಲ್ಲವೆಂದು ಆಗ ತಿಳಿಯಿತು.

ವಿಚಿತ್ರವೆಂದರೆ, ಬೆಳಿಗ್ಗೆ ದೇವರ ಮುಂದೆ ಕೂರಿಸಿದರೆ ಸ್ತೋತ್ರಗಳನ್ನು ತಪ್ಪಿಲ್ಲದೆ ಹೇಳುತ್ತಿದ್ದರು. ಎದ್ದ ಮೇಲೆ ನೀರು ಬೇಕೆಂದರೆ ‘ನೀರು’ ಎನ್ನಲು ಬರುತ್ತಿರಲಿಲ್ಲ, ಚರಿಗೆಯನ್ನು ನೆಲಕ್ಕೆ ಕುಟ್ಟುತ್ತಿದ್ದರು. ಚಿಕ್ಕಂದಿನಿಂದ ಬಾಯಿಪಾಠವಾದದ್ದು ಹಾಗೇ ಉಳಿಯುತ್ತದೆ, ಹೊಸದಾಗಿ ಮಾತು ಕಟ್ಟುವ ಜಾಗಕ್ಕೆ ಪೆಟ್ಟಾಗಿದೆ ಎಂದು ಡಾಕ್ಟರರು ಹೇಳಿದ್ದರು. ಜನರಿಗೆ ಅದು ತಿಳಿಯುತ್ತದೆಯೇ? ಮಾಸ್ತರು ಬೇಕೆಂದೇ ಮಾತು ಬಿಟ್ಟಿದ್ದಾರೆ ಎಂದು ಆಡಿಕೊಂಡವರೂ ಇದ್ದರು.

ಸಂಜೆ ಗುಡಿಯಲ್ಲಿ ದೀಪ ಹಚ್ಚಿ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. “ನಿನ್ನ ಹೆಸರು ನೂರೆಂಟು ಸಲ ಹೇಳಿಸ್ಕೋತಿ. ನನ್ನ ಹೆಸರು ಒಮ್ಮೆ ಹೇಳಸಪ್ಪಾ” ಎಂದು ಕೇಳುತ್ತಿದ್ದೆ. ಹೀಗೆ ಎಂಟು ತಿಂಗಳು ಹೋಯಿತು. ಕೊನೆಕೊನೆಗೆ ದೀಪ ಹಚ್ಚಿ ಸುಮ್ಮನೆ ಬಂದುಬಿಡುತ್ತಿದ್ದೆ, ಕೇಳುವುದನ್ನೂ ಬಿಟ್ಟಿದ್ದೆ.

ಆಗ ಕಲಬುರಗಿಯ ಡಾಕ್ಟರರು ಹೈದರಾಬಾದಿನ ಒಂದು ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ತಲೆ ಕೊಯ್ಯದೆ, ಸೂಜಿ ಚುಚ್ಚದೆ, ಹೊರಗಿನಿಂದಲೇ ಅಯಸ್ಕಾಂತದ ಬಲದಿಂದ ಮೆದುಳನ್ನು ತಟ್ಟುವ ಯಂತ್ರ ಅಲ್ಲಿದೆಯಂತೆ. ಇನ್ನೂ ಪ್ರಯೋಗ ನಡೆದಿರುವ ಚಿಕಿತ್ಸೆ, ಕೆಲವರಿಗೆ ಗುಣ ಕಂಡಿದೆ, ಕೆಲವರಿಗೆ ಇಲ್ಲ ಎಂದು ಮೊದಲೇ ಹೇಳಿದರು. ವಾಡಿಯಲ್ಲಿ ರೈಲು ಹತ್ತಿದೆವು. ಜೊತೆಗೆ ನನ್ನ ಮೈದುನ ಪ್ರಹ್ಲಾದ ಬಂದಿದ್ದ.

ಅಲ್ಲಿ ಎಲ್ಲರೂ ತೆಲುಗು, ಹಿಂದಿ. ಕನ್ನಡದ ಮಾತನ್ನು ಇವರು ಹೇಗೆ ಕಲಿಸಿಯಾರು ಎಂದು ಚಿಂತೆಯಾಯಿತು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗಿ ಬಂದು, “ವಾಡಿಯಿಂದ ಬಂದೀರೇನ್ರಿ? ಬರ್ರಿ, ಕುಂದ್ರಿ. ನಾ ಚಿಂಚೋಳಿ ಕಡೀಯಾಕಿ, ಐನಾಪುರ” ಎಂದಳು. ಮಾತು ಕಲಿಸುವ ತಜ್ಞೆ, ಹೆಸರು ಮಂಜುಳಾ. ಅವಳ ಮೇಜಿನ ಮೇಲೆ ಬುದ್ಧನ ಸಣ್ಣ ಮೂರ್ತಿ ಇತ್ತು. ಪ್ರಾಣದೇವರು ನನ್ನ ಜಗಳ ಕೇಳಿಸಿಕೊಂಡಿದ್ದಾನೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಆಗ.

ಡಾಕ್ಟರರು ಹೇಳಿದ್ದನ್ನು ಅವಳೇ ಬಿಡಿಸಿ ಹೇಳಿದಳು. “ಅಕ್ಕಾ, ಎಡಗಡಿ ಪೆಟ್ಟು ಬಿದ್ದದ. ಬಲಗಡಿದು ಅದರ ಕೆಲಸಾನೂ ನಾನೇ ಮಾಡ್ತೀನಂತ ಭಾಳ ಗದ್ದಲ ಮಾಡಾಕತ್ತದ. ಈ ಮಷೀನು ಬಲಗಡಿದಕ್ಕ ಜರಾ ಸುಮ್ಮನಿರು ಅಂತದ. ಆವಾಗ ಎಡಗಡಿ ಉಳದಿದ್ದು ಮಾತಾಡಾಕ ನೋಡ್ತದ. ಅದಾದ ಕೂಡ್ಲೇ ನಾ ಮಾತು ಕಲಸ್ತೀನಿ.” ಮೂರು ವಾರ, ವಾರಕ್ಕೆ ಐದು ದಿನ.

ಯಂತ್ರದ ಹತ್ತಿರ ಮೈಮೇಲೆ ಲೋಹ ಇರಬಾರದು. ಅವರ ಕೊರಳಲ್ಲಿ ಪ್ರಾಣದೇವರ ಬೆಳ್ಳಿಯ ತಾಯಿತವಿತ್ತು. ನಮ್ಮ ಅತ್ತೆಯವರು ಕಟ್ಟಿದ್ದು, ಜಳಕಕ್ಕೂ ತೆಗೆದವರಲ್ಲ. ಪ್ರಹ್ಲಾದ ಸಿಡಿದೆದ್ದ. “ವೈನಿ, ದೇವರ್ನ ತೆಗದಿಟ್ಟು ಮಷೀನಿಗೆ ತಲಿ ಕೊಡ್ತಾರೇನು? ಬಾಯಾಗ ಸ್ತೋತ್ರ ಉಳದದಲ್ಲ, ಅದು ಸಾಲ್ದೇನು?”

“ನಿನಗ ಸಾಲ್ತದೋ. ನಿನ್ನ ಹೆಂಡ್ತಿ ಜೋಡಿ ದಿನಾ ಮಾತಾಡ್ತಿ” ಎಂದೆ. ಅವನು ಸಂಜೆಯ ರೈಲಿಗೇ ಊರಿಗೆ ಹೊರಟುಹೋದ. ತಾಯಿತವನ್ನು ನಾನೇ ಬಿಚ್ಚಿ, ಕಣ್ಣಿಗೊತ್ತಿಕೊಂಡೆ.

ಮೊದಲ ದಿನ ಮಂಜುಳಾ ಒಂದು ಹಾಳೆ ಕೊಟ್ಟು, “ಸರ್ ಮನ್ಯಾಗ ದಿನಾ ಆಡತಿದ್ದ ಮಾತು ಬರೀರಿ. ನಿಮ್ಮನ್ನ ಏನಂತ ಕರೀತಿದ್ರು, ಅದನ್ನ ಎಲ್ಲಾದಕ್ಕಿಂತ ಮ್ಯಾಲ ಬರೀರಿ” ಎಂದಳು. ನಾನು ‘ಇಂದಿರಾ’ ಎಂದು ಬರೆದೆ.

ಅದು ಸುಳ್ಳು. ನಮ್ಮ ಕಡೆ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ. ಹಿರಿಯ ಮಗುವಿನ ಹೆಸರು ಹಚ್ಚಿ ಕರೆಯುತ್ತಾರೆ. ನಮಗೆ ಇದ್ದವಳು ಒಬ್ಬಳೇ ಮಗಳು. ಅವಳು ಹುಟ್ಟಿದಂದಿನಿಂದ ಅವರಿಗೆ ನಾನು ಅವಳ ಅವ್ವ. ಹನ್ನೊಂದು ತುಂಬಿದ ವರ್ಷದ ಮಳೆಗಾಲದಲ್ಲಿ ನಾಲ್ಕು ದಿನದ ಜ್ವರಕ್ಕೆ ಅವಳು ಹೋದಳು. ಅಂದಿನಿಂದ ನನ್ನನ್ನು ಕರೆಯಲು ಅವರಿಗೆ ಹೆಸರೇ ಇಲ್ಲದಂತಾಯಿತು. “ಕೇಳೀದೇನು?” “ಇಲ್ಲಿ ನೋಡು.” ಒಂಬತ್ತು ವರ್ಷ ಇಷ್ಟೇ. ಅವಳ ಫೋಟೋ ಕಪಾಟಿನಲ್ಲಿ, ಹಳೆಯ ಸೀರೆಯಲ್ಲಿ ಸುತ್ತಿಟ್ಟದ್ದು ಹಾಗೇ ಇತ್ತು. ಇಬ್ಬರಲ್ಲಿ ಒಬ್ಬರೂ ಅವಳ ಹೆಸರು ಎತ್ತಲಿಲ್ಲ. ಕಲಿತ ಹುಡುಗಿಯ ಮುಂದೆ ಇದನ್ನೆಲ್ಲ ಹೇಳಲು ನಾಚಿಕೆಯಾಯಿತು. ದೇವರ ಮುಂದೆ ಕೇಳಿದ್ದೂ ನನ್ನ ಹೆಸರನ್ನೇ ಅಲ್ಲವೇ, ಬರೆದುಬಿಟ್ಟೆ.

ಚಿಕಿತ್ಸೆ ಶುರುವಾಯಿತು. ಎಂಟರ ಆಕಾರದ ಒಂದು ಕರಿಯ ಸುರುಳಿಯನ್ನು ಅವರ ತಲೆಯ ಬಲಕ್ಕೆ ಹಿಡಿದರು. ಕಿವಿಗೆ ಬಿರಡೆ ಕೊಟ್ಟರು. ಎಷ್ಟು ಬಲ ಬೇಕೆಂದು ನೋಡಲು ಮೊದಲು ತಟ್ಟಿದಾಗ ಅವರ ಎಡಗೈ ಹೆಬ್ಬೆರಳು ತಾನಾಗಿ ಜಿಗಿಯಿತು. ನಾನು “ಅಯ್ಯ!” ಎಂದು ಕೂಗಿಯೇಬಿಟ್ಟೆ. ಅವರು ಎಂಟು ತಿಂಗಳ ಮೇಲೆ ನಕ್ಕರು, ಬಾಯಿಯ ಒಂದೇ ಬದಿಯಲ್ಲಿ.

ಆಮೇಲೆ ದಿನವೂ ಇಪ್ಪತ್ತು ನಿಮಿಷ ಟಕ್, ಟಕ್, ಟಕ್. ಬಾಗಿಲ ಹೊರಗೆ ಕುರ್ಚಿಯಲ್ಲಿ ಕುಳಿತು, ತಾಯಿತವನ್ನು ಮುಷ್ಟಿಯಲ್ಲಿ ಹಿಡಿದು, ಒಂದು ಸಪ್ಪಳಕ್ಕೆ ಒಂದು ನಾಮ ಹೇಳುತ್ತಿದ್ದೆ. ಯಂತ್ರ ನಿಲ್ಲುವಾಗ ಅಂಗೈಯಲ್ಲಿ ತಾಯಿತದ ಗುರುತು ಮೂಡಿರುತ್ತಿತ್ತು.

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ‘ನೀರು’ ಎಂಬುದಕ್ಕೆ ‘ನೀ’ ಬಂತು, ‘ಅನ್ನ’ ಬಂತು. ನನ್ನ ಫೋಟೋ ಹಿಡಿದರೆ ಮಾತ್ರ ಏನೂ ಇಲ್ಲ. ಪಕ್ಕದ ಕೋಣೆಯ ರೋಗಿಗಳು ಒಂದೊಂದು ಮಾತು ಗಳಿಸಿಕೊಂಡು ಹೋಗುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇನ್ನು ನನ್ನ ಗಂಡ ನನ್ನನ್ನು ಕರೆಯದೆಯೇ ಈ ಜನ್ಮ ಮುಗಿಯುತ್ತದೆ ಎಂದು ಶನಿವಾರ ದೇವರಿಗೆ ಕೈಮುಗಿಯಲೂ ಮನಸ್ಸಾಗಲಿಲ್ಲ.

ಹದಿಮೂರನೆಯ ದಿನ, ಬುಧವಾರ. ಮಂಜುಳಾ ಫೋಟೋ ಹಿಡಿದು, “ಸರ್, ಇವ್ರು ಯಾರ್ರಿ? ಇಂ...” ಎಂದು ಎತ್ತಿಕೊಟ್ಟಳು. ಅವರು ನನ್ನತ್ತ ನೋಡಿದರು. ಮುಖವೆಲ್ಲ ಬೆವರು. “ಇ... ಇ...” ಎನ್ನುತ್ತ ಎಡಗೈಯಿಂದ ತಮ್ಮ ಹಣೆಯನ್ನೇ ಹೊಡೆದುಕೊಂಡರು. ನನಗೆ ತಡೆಯಲಾಗಲಿಲ್ಲ.

“ಬ್ಯಾಡವ್ವಾ, ಆ ಹೆಸರು ಬಿಡು. ಅವ್ರು ಒಂದಿನಾನೂ ನನ್ನ ಹಂಗ ಕರದಿಲ್ಲ. ನಾ ಸುಳ್ಳು ಬರದೀನಿ” ಎಂದೆ.

ಮಂಜುಳಾ ಫೋಟೋ ಕೆಳಗಿಟ್ಟಳು. ಸಿಟ್ಟಾಗಲಿಲ್ಲ. “ಹನ್ನೆರಡು ದಿನ ಹೋತಲ್ರಿ ಅಕ್ಕಾ... ಇರ್ಲಿ. ಮತ್ತ ಏನಂತ ಕರೀತಿದ್ರು?”

“ಮಗಳ ಹೆಸರು ಹಚ್ಚಿ.”

“ಏನು ಹೆಸರ್ರೀ ಆಕೀದು?”

ನಾನು ಬಾಯಿ ತೆರೆದೆ. ಇಡೀ ಓಣಿಯನ್ನೇ ಬೈಯುವ ನನ್ನ ಬಾಯಿಯಿಂದ ಒಂದಕ್ಷರ ಹೊರಡಲಿಲ್ಲ. ಎಂಟು ತಿಂಗಳು ಅವರು ಎಲ್ಲಿ ನಿಂತಿದ್ದರೋ ಅಲ್ಲಿ ಆಗ ನಾನು ನಿಂತಿದ್ದೆ. ಒಳಗೆ ಹೆಸರಿದೆ, ಹೊರಗೆ ಬರುತ್ತಿಲ್ಲ.

“ಸುಮಿ.”

ಮಂಜುಳಾ ಅಂದಳೆಂದುಕೊಂಡೆ. ಅವಳಿಗೆ ಹೇಗೆ ಗೊತ್ತಿದ್ದೀತು? ತಿರುಗಿ ನೋಡಿದರೆ ಅವರ ತುಟಿ ಅದುರುತ್ತಿತ್ತು. “ಸು... ಸುಮೀ ಅವ್ವಾ” ಎಂದು ನನ್ನನ್ನು ನೋಡಿಯೇ ಕರೆದರು. ಒಂಬತ್ತು ವರ್ಷದ ಹಿಂದೆ ಶಾಲೆಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕರೆಯುತ್ತಿದ್ದ ಹಾಗೆಯೇ. ಮಗಳು ಹೋದ ದಿನ ಅವರು ಅತ್ತಿರಲಿಲ್ಲ, ಬಂದವರಿಗೆಲ್ಲ ಕುರ್ಚಿ ಹಾಕುತ್ತ ಓಡಾಡಿದ್ದರು. ಅಂದು ಆ ಕೋಣೆಯಲ್ಲಿ ನನ್ನ ಹೆಗಲಿಗೆ ಹಣೆ ಹಚ್ಚಿ ಸಣ್ಣ ಮಗುವಿನಂತೆ ಅತ್ತರು. ನಾನೂ ಅತ್ತೆ. ಮಂಜುಳಾ ಕಣ್ಣೊರೆಸಿಕೊಳ್ಳುತ್ತ ಬಾಗಿಲು ಮುಂದೆ ಮಾಡಿ ಹೊರಗೆ ಹೋದಳು.

ಉಳಿದ ಎರಡು ದಿನ ಆ ಹೆಸರಿನಿಂದಲೇ ಪಾಠ ನಡೆಯಿತು. ಯಂತ್ರದಿಂದ ಎಷ್ಟು, ಪಾಠದಿಂದ ಎಷ್ಟು ಎಂದು ನಮಗೂ ಖಚಿತವಾಗಿ ಹೇಳಲಾಗದು ಎಂದರು ದೊಡ್ಡ ಡಾಕ್ಟರರು. ಆ ಲೆಕ್ಕ ನನಗೂ ಬೇಡ. ಯಂತ್ರ ಕಂಡುಹಿಡಿದ ಬುದ್ಧಿ ಪ್ರಾಣದೇವರು ಕೊಟ್ಟದ್ದು, ಐನಾಪುರದ ಹುಡುಗಿಯನ್ನು ಅಲ್ಲಿ ಕೂರಿಸಿದವನೂ ಅವನೇ. ಓದುವ ಭಕ್ತರಲ್ಲಿ ಒಂದು ವಿನಂತಿ: ಹರಕೆ ಹೊರಿರಿ, ಆಸ್ಪತ್ರೆಗೆ ತಡಮಾಡಬೇಡಿರಿ, ಅಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿರಿ.

ಬರುವಾಗ ರೈಲು ಸೇಡಂನಲ್ಲಿ ನಿಂತಾಗ ಬೋರ್ಡು ನೋಡಿ “ಸೇ...” ಎಂದರು, ಚಿತ್ತಾಪುರ ಬರುವವರೆಗೂ ಅದನ್ನೇ ಪ್ರಯತ್ನಿಸಿದರು. ನಾವು ಮನೆಗೆ ಬಂದ ಕೂಡಲೇ ಪ್ರಹ್ಲಾದ ತಾಯಿತವನ್ನು ತಾನೇ ಅವರ ಕೊರಳಿಗೆ ಕಟ್ಟಿದ. “ತಪ್ಪಾತು ವೈನಿ” ಎಂದ. ನಾನು ಕಪಾಟು ತೆರೆದು ಸುಮಿಯ ಫೋಟೋ ತೆಗೆದೆ. ಅದೀಗ ದೇವರ ಕೋಣೆಯ ಎದುರಿನ ಗೋಡೆಯ ಮೇಲಿದೆ.

ಅವರಿಗೆ ಈಗಲೂ ಮಾತು ಸ್ವಲ್ಪವೇ. ಶಾಲೆಗೆ ಮರಳಿ ಹೋಗಲಾಗಲಿಲ್ಲ. ಮಗಳು ಹೋದ ದುಃಖವೂ ಕಡಿಮೆಯಾಗಿಲ್ಲ, ಹೆಸರು ಕೇಳಿದಾಗಲೆಲ್ಲ ಎದೆಯಲ್ಲಿ ಕಡಿಯುತ್ತದೆ. ‘ಇಂದಿರಾ’ ಎಂದು ಅವರು ಇವತ್ತಿಗೂ ಅಂದಿಲ್ಲ, ನಾನು ದೇವರನ್ನು ಅದಕ್ಕಾಗಿ ಕಾಡುವುದನ್ನೂ ಬಿಟ್ಟಿದ್ದೇನೆ. ಬೆಳಿಗ್ಗೆ ಪೂಜೆ ಮುಗಿಸಿ “ಸುಮೀ ಅವ್ವಾ, ನೀರು” ಎಂದು ಕೂಗುತ್ತಾರೆ. ನನಗೆ ಕೇಳಿಸುತ್ತದೆ. ಇನ್ನೊಮ್ಮೆ ಕರೆಯಲಿ ಎಂದು ಸುಮ್ಮನೆ ಒಲೆಯ ಮುಂದೆ ನಿಂತಿರುತ್ತೇನೆ, ಆಮೇಲೆ “ಬಂದೆರೀ” ಎನ್ನುತ್ತೇನೆ. ಇಷ್ಟು ಕಳ್ಳತನವನ್ನು ಪ್ರಾಣದೇವರು ಮನ್ನಿಸಲಿ.